ಟೊಮೆಟೊ ‘ಊಜಿ’ ನೊಣವಲ್ಲ, ಪತಂಗ

ಟೊಮೆಟೊ ಬೆಳೆಗೆ ಊಜಿ ಕಾಟದ ಕುರಿತ ನಿಮ್ಮ ಲೇಖನ ಚೆನ್ನಾಗಿದೆ. ಆದರೆ ಟೊಮೆಟೊ ಹಾಳುಮಾಡುವ ಊಜಿಯನ್ನು ಉದ್ದಕ್ಕೂ ‘ನೊಣ’ ಎಂದೇ ಬರೆದಿದ್ದೀರಿ. ಊಜಿ ನೊಣ ರೇಷ್ಮೆಹುಳುವಿನ ಶತ್ರು. ನಮ್ಮ ಕೋಲಾರದ ಕಡೆ ಆ ಹಳೆಯ ವೈರಿಯ ಹೆಸರನ್ನೇ ಈ ಹೊಸಬನಿಗೂ ಅಂಟಿಸಿಬಿಟ್ಟಿದ್ದೇವೆ, ತಪ್ಪು ನಿಮ್ಮೊಬ್ಬರದಲ್ಲ. ಇದು ಟ್ಯೂಟಾ ಅಬ್ಸೊಲೂಟಾ ಎಂಬ ಪತಂಗ.

ಹಗಲಿನಲ್ಲಿ ಎಲೆಗಳ ಮರೆಯಲ್ಲಿ ಅಡಗಿರುವುದನ್ನು ಮೆಲ್ಲಗೆ ಹಿಡಿದು ನೋಡಿ. ಅಕ್ಕಿಕಾಳಿನಷ್ಟು ಉದ್ದ, ಬೆಳ್ಳಿ ಬೆರೆತ ಬೂದು ರೆಕ್ಕೆ, ಅದರ ಮೇಲೆ ಕಪ್ಪು ಚುಕ್ಕೆಗಳು. ದಾರದಂತಹ ಮೀಸೆಯಲ್ಲಿ ಒಂದು ಬಿಳಿ, ಒಂದು ಕಪ್ಪು ಎಂಬಂತೆ ಪಟ್ಟೆ. ಬೆರಳಿಗೆ ಬೂದಿಯಂತಹ ಪುಡಿ ಅಂಟುತ್ತದೆ. ನೊಣದ ರೆಕ್ಕೆಯಲ್ಲಿ ಆ ಪುಡಿ ಎಲ್ಲಿರುತ್ತದೆ?

ಇದರ ತವರು ದಕ್ಷಿಣ ಅಮೆರಿಕ. 1917ರಲ್ಲಿ ಪೆರು ದೇಶದ ಮಾದರಿಯಿಂದ ಇದಕ್ಕೆ ವೈಜ್ಞಾನಿಕ ಹೆಸರು ಬಂತು. 2006ರಲ್ಲಿ ಸ್ಪೇನ್‌ನಲ್ಲಿ ಕಂಡದ್ದು 2014ರ ಹೊತ್ತಿಗೆ ಮಹಾರಾಷ್ಟ್ರ, ಕರ್ನಾಟಕದ ತೋಟಗಳಿಗೆ ಬಂದಿತ್ತು. ಎಂಟೇ ವರ್ಷ!

ಹೆಸರಿನ ಗೊಂದಲದಿಂದ ನಷ್ಟವೂ ಇದೆ. ನನ್ನ ಪಕ್ಕದ ತೋಟದವರು ನೊಣವೆಂದು ನಂಬಿ ಹಣ್ಣು ನೊಣದ ಬಲೆ ಕಟ್ಟಿ ವಾರಗಟ್ಟಲೆ ಕಾದರು. ಬಲೆ ಖಾಲಿ, ಎಲೆಯೊಳಗೆ ಮರಿಹುಳುಗಳ ಸುರಂಗ ಮಾತ್ರ ಬೆಳೆಯುತ್ತಲೇ ಇತ್ತು. ಟ್ಯೂಟಾಗೆ ಅದರದೇ ಮೋಹಕ ಬಲೆ (ಹೆಣ್ಣು ಪತಂಗದ ವಾಸನೆಯಿಂದ ಸೆಳೆಯುವ ಬಲೆ) ಬೇಕು, ಅದಕ್ಕೂ ಬೀಳುವುದು ಗಂಡು ಪತಂಗಗಳಷ್ಟೇ. ದಯವಿಟ್ಟು ಶೀರ್ಷಿಕೆಯನ್ನಾದರೂ ತಿದ್ದಿ.