ವೆಲಾಸಿಟಿಗೆ ಟಾರ್ಗೆಟ್ಟಂತೆ!

ಹಾಸನದ ಬಿ.ಎಂ. ರಸ್ತೆಯ ಪುಟ್ಟ ಸಾಫ್ಟ್‌ವೇರ್ ಆಫೀಸೊಂದರ ಗೋಡೆ ಮೇಲೆ ಇವತ್ತು ಚಾರ್ಟ್ ನೋಡಿದೆ. ಎರಡು ಟೀಮಿನ ವೆಲಾಸಿಟಿ ಅಕ್ಕಪಕ್ಕ, ಕೆಳಗೆ ‘ಮುಂದಿನ ಸ್ಪ್ರಿಂಟ್ ಟಾರ್ಗೆಟ್: 20% ಹೆಚ್ಚು’. ಈ ವಿಷಯದಲ್ಲಿ ನನಗೆ ತಾಳ್ಮೆ ಕಮ್ಮಿ ಅಂತ ನಿಮಗೆಲ್ಲ ಗೊತ್ತೇ ಇದೆ.

ಅಲ್ಲ ಮಾರಾಯ್ರೇ, ವೆಲಾಸಿಟಿ ಅಂದ್ರೆ ಟೀಮು ಒಂದು ಸ್ಪ್ರಿಂಟಲ್ಲಿ (ಒಂದೆರಡು ವಾರದ ನಿಗದಿತ ಅವಧಿಯಲ್ಲಿ) ಪೂರ್ತಿ ಮುಗಿಸಿದ ಕೆಲಸದ ಸ್ಟೋರಿ ಪಾಯಿಂಟುಗಳ ಮೊತ್ತ, ಅಷ್ಟೇ. ಪಾಯಿಂಟು ಅಂದ್ರೆ ಕೆಲಸ ಎಷ್ಟು ದೊಡ್ಡದು ಅಂತ ಟೀಮೇ ಕೊಟ್ಟುಕೊಳ್ಳೋ ಅಂದಾಜು ಅಂಕ. ಹಿಂದಿನ ಮೂರ್ನಾಲ್ಕು ಸ್ಪ್ರಿಂಟಿನ ಸರಾಸರಿ ನೋಡಿ ಮುಂದಿನದಕ್ಕೆ ಎಷ್ಟು ಒಪ್ಪಿಕೊಳ್ಳಬಹುದು ಅಂತ ಆ ಟೀಮೇ ಅಂದಾಜು ಹಾಕೋಕೆ ಇರೋದು. ಒಂದು ಟೀಮಿನ 5 ಇನ್ನೊಂದು ಟೀಮಿನ 5 ಅಲ್ಲವೇ ಅಲ್ಲ. ಈ ಸ್ಪ್ರಿಂಟ್ ಪದ್ಧತಿಯ ಕೈಪಿಡಿ, 2020ರ ಸ್ಕ್ರಮ್ ಗೈಡಲ್ಲಿ ಹುಡುಕಿ, ಸ್ಟೋರಿ ಪಾಯಿಂಟೂ ಇಲ್ಲ, ವೆಲಾಸಿಟಿಯೂ ಇಲ್ಲ.

ಟಾರ್ಗೆಟ್ ಬಿದ್ದ ಮೇಲೆ ಏನಾಗುತ್ತೆ? ‘ಓಟಿಪಿ ಮತ್ತೆ ಕಳಿಸಿ’ ಅನ್ನೋ ಬಟನ್ನಿಗೆ ಹೋದ ತಿಂಗಳು 3 ಅಂದವರೇ ಈ ತಿಂಗಳು 5 ಅಂತಾರೆ. ಹತ್ತು ದಿನದ ಸ್ಪ್ರಿಂಟಲ್ಲಿ ಒಂಬತ್ತನೇ ದಿನ ಸಂಜೆ ಅಷ್ಟೂ ಕಾರ್ಡು (ಒಂದೊಂದು ಕೆಲಸಕ್ಕೆ ಒಂದೊಂದು ಚೀಟಿ) ಬೋರ್ಡಿನ ಟೆಸ್ಟಿಂಗ್ ಕಾಲಮ್ಮಿಗೆ ಬಂದು ಬೀಳುತ್ತೆ. ಟೆಸ್ಟರ್ ಒಬ್ಬಳೇ. ಅರೆಬರೆ ನೋಡಿ ‘ಡನ್’. ಮುಂದಿನ ಸ್ಪ್ರಿಂಟಲ್ಲಿ ಅದರದ್ದೇ ಬಗ್ ಹೊಸ ಕಾರ್ಡಾಗಿ ಬರುತ್ತೆ, ಅದಕ್ಕೂ 2 ಪಾಯಿಂಟು! ತಾವೇ ಮಾಡಿದ ತಪ್ಪು ತಿದ್ದಿದ್ದಕ್ಕೂ ವೆಲಾಸಿಟಿ ಏರುತ್ತೆ. ಭೇಷ್. ಕಾಫಿ ಕುಯ್ಲಲ್ಲಿ ಕೆಜಿ ಲೆಕ್ಕಕ್ಕೆ ಕೂಲಿ ಅಂದ್ರೆ ಹಸಿರು ಕಾಯಿನೂ ಚೀಲ ಸೇರುತ್ತೆ ಅಂತ ನಮ್ಮ ಚಿಕ್ಕಮಗಳೂರಿನ ತೋಟದ ಲೆಕ್ಕ ಬರೆಯೋ ರೈಟರ್‌ಗಳಿಗೆ ಗೊತ್ತು, ಈ ಮ್ಯಾನೇಜರ್‌ಗಳಿಗೆ ಗೊತ್ತಿಲ್ಲ.

‘ಅಳೀದೇ ಇದ್ರೆ ಕ್ಲೈಂಟಿಗೆ ಏನ್ ತೋರಿಸೋದು ಸ್ವಾಮಿ?’ ಅಂತಾರೆ. ಓಡುತ್ತಿರೋ ಸಾಫ್ಟ್‌ವೇರ್ ತೋರಿಸಿ! 2001ರಲ್ಲಿ ಸಾಫ್ಟ್‌ವೇರ್ ಕೆಲಸದ ಅಜೈಲ್ ಮ್ಯಾನಿಫೆಸ್ಟೋ ಹೊರಡಿಸಿದ ಹದಿನೇಳು ಜನ ಬರೆದಿದ್ದು ಅದನ್ನೇ, ಪ್ರಗತಿಗೆ ಮುಖ್ಯ ಅಳತೆ ಕೆಲಸ ಮಾಡೋ ಸಾಫ್ಟ್‌ವೇರ್ ಅಂತ. ಅಂಕಿ ಬೇಕೇ ಬೇಕು ಅಂದ್ರೆ, ಒಂದು ಕಾರ್ಡು ಶುರುವಾದ ದಿನದಿಂದ ಪ್ರೊಡಕ್ಷನ್ನಿಗೆ (ಬಳಸೋರ ಕೈಗೆ) ಹೋಗೋವರೆಗೆ ಎಷ್ಟು ದಿನ ಹಿಡೀತು ಅಂತ ಬರೆದಿಡಿ. ಅದನ್ನ ಪಾಯಿಂಟಿನಷ್ಟು ಸಲೀಸಾಗಿ ಉಬ್ಬಿಸೋಕಾಗಲ್ಲ.

ಜೊತೆಗೆ ಟೆಸ್ಟಿಂಗ್ ಕಾಲಮ್ಮಿಗೆ ಎರಡೇ ಕಾರ್ಡಿನ ಮಿತಿ ಹಾಕಿ. ಎರಡು ತುಂಬಿದ್ರೆ ಡೆವಲಪರ್ ಹೊಸ ಕೆಲಸ ಎತ್ತಿಕೊಳ್ಳೋ ಹಾಗಿಲ್ಲ, ಹೋಗಿ ಟೆಸ್ಟಿಂಗಿಗೆ ಕೈ ಜೋಡಿಸಬೇಕು. ಮೊದಮೊದಲು ಜನ ಖಾಲಿ ಕೂತಂಗೆ ಕಾಣುತ್ತೆ, ಮ್ಯಾನೇಜರ್ ಹೆದರಿ ‘ಈ ಒಂದು ಸಲ’ ಅಂತ ಮೂರನೇ ಕಾರ್ಡು ಬಿಡ್ತಾರೆ. ಅಲ್ಲಿಗೆ ಮಿತಿ ಮುಗೀತು.