ಗೋಡೆಯ ಮೀನಿಗೆ ವಾಸನೆ ಇಲ್ಲ

ಹೊನ್ನಾವರ ಕಡೆಯ ಗೆಳೆಯನೊಬ್ಬ ವರ್ಗವಾಗಿ ದಾವಣಗೆರೆಗೆ ಬಂದಿದ್ದಾನೆ. ಅವನಿಗೆ ಬಾಡಿಗೆ ಮನೆ ಹುಡುಕುವ ಕೆಲಸ ನನ್ನ ತಲೆಗೆ ಬಿತ್ತು. ವಿದ್ಯಾನಗರದ ಹತ್ತಿರ ಒಂದು ಗೇಟಿಗೆ ಬೋರ್ಡ್ ತೂಗುತ್ತಿತ್ತು: ‘ಮನೆ ಬಾಡಿಗೆಗಿದೆ. ಸಸ್ಯಾಹಾರಿಗಳಿಗೆ ಮಾತ್ರ.’ ಬೋರ್ಡಿನ ಪಕ್ಕದ ಕಂಬದ ಮೇಲೆ ಸಿಮೆಂಟಿನ ಎರಡು ಡಾಲ್ಫಿನ್ ಬಾಲದ ಮೇಲೆ ನಿಂತು ನಗುತ್ತಿದ್ದವು.

“ಇಲ್ಲಿ ಆಗ್ತದೆ ಮಾರಾಯ, ನಮ್ಮ ಕಡೆಯವರೇ ಇದ್ದಾರೆ” ಅಂದ ಗೆಳೆಯ.

ಮಾಲೀಕರು ಮೇಲಿನ ಮನೆ ತೋರಿಸುವ ಮೊದಲು ತಮ್ಮ ಮನೆ ತೋರಿಸಿದರು. ಹೊಸದಾಗಿ ಇಂಟೀರಿಯರ್ ಮಾಡಿಸಿದ್ದಾರೆ. ಮಾಡಿಸಿದವರ ಕಷ್ಟ ಗೊತ್ತಲ್ಲ, ಯಾರಾದರೂ ನೋಡುವವರು ಬೇಕು. ಸೋಫಾದ ಹಿಂದೆ ಆರಡಿ ಉದ್ದದ ಆಕ್ಟೋಪಸ್, ಮೈಗೆಲ್ಲ ಬಂಗಾರದ ಬಣ್ಣ.

“ಎಂಟು ಕೈ ನೋಡ್ರಿ. ಎಂಟೂ ದಿಕ್ಕಿಂದ ದುಡ್ಡು ಎಳೀತೈತಂತ. ಇಂಟೀರಿಯರ್ ಹುಡುಗ ಹೇಳಿದ.”

ಆಕ್ಟೋಪಸ್‌ಗೆ ಮೂರು ಹೃದಯ, ನೀಲಿ ರಕ್ತ. ಹೆಣ್ಣು ಮೊಟ್ಟೆ ಕಾಯುತ್ತಾ ಊಟ ಬಿಟ್ಟು, ಮರಿ ಹೊರಬರುವ ಹೊತ್ತಿಗೆ ಸಾಯುತ್ತದೆ. ಅಂಥ ಪ್ರಾಣಿಗೆ ಇಲ್ಲಿ ವಸೂಲಿ ಕೆಲಸ. ಗ್ರೀಸಿನ ಕ್ರೀಟ್ ದ್ವೀಪದ ಕುಂಬಾರರು ಸುಮಾರು 3500 ವರ್ಷದ ಹಿಂದೆಯೇ ಮಡಕೆಗಳ ಮೇಲೆ ಆಕ್ಟೋಪಸ್ ಬರೆದಿದ್ದರು. ಎಂಟೂ ಕೈ ಮಡಕೆಯನ್ನು ತಬ್ಬಿಕೊಂಡ ಹಾಗೆ. ಆದರೆ ಅವರ ಸುತ್ತಲೂ ಕಡಲಿತ್ತು. ಹಿಡಿದವರು, ತಿಂದವರು, ಬರೆದವರು ಎಲ್ಲ ಒಂದೇ ಕಡೆಯವರು. ನಾವು ಕಡಲು ನೋಡಬೇಕಂದ್ರೆ ಘಟ್ಟ ಇಳಿಯಬೇಕು. ಜಿಲ್ಲೆಗೆ ಅಂತ ಇರುವ ಒಂದು ಸಾಗರ ಶಾಂತಿಸಾಗರ. ಅದೂ ನೋಡಿದರೆ ಸೂಳೆಕೆರೆ.

ಮಲಗುವ ಕೋಣೆಯಲ್ಲಿ ಮಂಚದ ತಲೆಯ ಕಡೆ ಜೋಡಿ ಕಡಲಕುದುರೆ. “ದಂಪತಿಗೆ ಒಳ್ಳೇದಂತ್ರಿ” ಅಂದರು ಮಾಲೀಕರು. ಕಡಲಕುದುರೆಯಲ್ಲಿ ಬಸುರಾಗುವುದು ಗಂಡು. ಹೆಣ್ಣು ಅದರ ಹೊಟ್ಟೆಯ ಚೀಲದಲ್ಲಿ ಮೊಟ್ಟೆ ಇಟ್ಟು ಹೋದರೆ ಮುಗಿಯಿತು. ಹೊರುವುದು, ಹೆರುವುದು ಎಲ್ಲ ಗಂಡಿನ ಪಾಲು. ಇದನ್ನು ಹೇಳೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಅವರು ಅಡುಗೆಮನೆ ಕಡೆ ತಿರುಗಿ “ಏ, ಒಂದು ಲೋಟ ನೀರು ತಾರೇ” ಅಂತ ಕೂಗಿದರು. ಸುಮ್ಮನಾದೆ.

ಶೋಕೇಸಿನಲ್ಲಿ ಬಿಳಿ ಹವಳದ ಗಡ್ಡೆ. ಯಾವುದೋ ಟೂರಿನಲ್ಲಿ ತಂದದ್ದಂತೆ. “ಕಲ್ಲು ಎಷ್ಟು ಚಂದ ಬೆಳದೈತಿ ನೋಡ್ರಿ.” ಕಲ್ಲಲ್ಲ ಅದು, ಸಣ್ಣ ಸಣ್ಣ ಜೀವಿಗಳು ಕಟ್ಟಿಕೊಂಡ ಮನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿ ಇರುವ ಪಟ್ಟಿಯಲ್ಲೇ ಹವಳವೂ ಇದೆ. ಹುಲಿ ಚರ್ಮ ಅಂದರೆ ಬೆವರುವ ಜನ ಇದರ ಧೂಳು ಒರೆಸಿ ಫೋಟೊ ಹಾಕುತ್ತಾರೆ. (ನಾನೂ ಏನು ಸಾಚಾ ಅಲ್ಲ. ನಮ್ಮ ದೇವರ ಗೂಡಿನ ಶಂಖ ಒಂದು ಹುಳುವಿನ ಮನೆ ಅಂತ ಒಂದು ದಿನವೂ ನನಗೆ ನೆನಪಾಗಿಲ್ಲ.)

ಕೊನೆಗೆ ಹಾಲಿನ ಈಶಾನ್ಯ ಮೂಲೆ. ಅಲ್ಲಿ ದೊಡ್ಡ ಗಾಜಿನ ತೊಟ್ಟಿ, ಒಳಗೆ ಒಂದೇ ಒಂದು ಅರೋವಾನಾ. ಚೀನೀ ಡ್ರ್ಯಾಗನ್ ತರ ಹುರುಪೆ ಇದೆ ಅಂತ ಅದೃಷ್ಟದ ಮೀನಾಯಿತು. ಸಿಹಿನೀರಿನ ಮೀನು ಅದು. ಮಾಲೀಕರ ಹಾಗೆ ಅದಕ್ಕೂ ಕಡಲಿನ ಗುರುತಿಲ್ಲ.

ತೊಟ್ಟಿಯ ಎದುರು ನಿಂತೇ ಬಾಡಿಗೆ ಮಾತು ಶುರುವಾಯಿತು.

“ನಾನ್‌ವೆಜ್ ಮಾಡ್ತೀರೇನ್ರಿ?”

“ಮೀನು ಮಾತ್ರ ಸರ್.”

ಮಾಲೀಕರ ಮುಖ ಹುಳಿಯಾಯಿತು. “ಹೊರಗ ತಿಂದು ಬರ್ರಿ, ನಮ್ದೇನಿಲ್ಲ. ಮನಿಯಾಗ ಸಿಗಡಿ ಗಿಗಡಿ ವಾಸ್ನಿ ಬಂದ್ರ ಲಕ್ಷ್ಮಿ ನಿಲ್ಲಲ್ಲ ನೋಡ್ರಿ.” ಹೀಗನ್ನುತ್ತಲೇ ತೊಟ್ಟಿಯ ಕೆಳಗಿನ ಕಪಾಟಿನಿಂದ ಸ್ಟೀಲ್ ಡಬ್ಬಿ ತೆಗೆದು, ಒಂದು ಹಿಡಿ ಒಣ ಸಿಗಡಿ ನೀರಿಗೆ ಉದುರಿಸಿದರು. ಇಡೀ ಹಾಲಿಗೆ ಘಮ್ ಅಂತ ಬಂತು. ಗೆಳೆಯನ ಕಣ್ಣಲ್ಲಿ ಊರು ಕಂಡಿತು.

“ವಾಸನೆ...” ಅಂದೆ ಮೆಲ್ಲಗೆ.

“ಇದು ಮೀನಿಗ್ರಿ. ಡಬ್ಬಿ ಬ್ಯಾರೆ ಇಟ್ಟೀವಿ.”

ಮನೆ ಸಿಗಲಿಲ್ಲ. ನಾಲ್ಕು ದಿನ ಬಿಟ್ಟು ಮಾಲೀಕರದ್ದೇ ಫೋನು. ಮೀನು ಊಟ ಬಿಟ್ಟಿದೆಯಂತೆ. ಇಂಟೀರಿಯರ್ ಹುಡುಗ ಫೋನ್ ಎತ್ತುತ್ತಿಲ್ಲವಂತೆ. “ನಿಮ್ಮ ಫ್ರೆಂಡು ಆ ಕಡೆಯವರಲ್ವಾ, ಒಂಚೂರು ಕರ್ಕೊಂಡು ಬರ್ರಿ.” ಗೆಳೆಯ ಹೋಗಿ ಡಬ್ಬಿಗೆ ಮೂಗಿಟ್ಟು ನೋಡಿದ. ಸಿಗಡಿ ಮುಗ್ಗಲು ಹಿಡಿದಿದೆ, ತಾಜಾ ಹಾಕಿ ನೋಡಿ ಅಂದ.

“ಹಂಗಾರ ಊರಿಂದ ಬರುವಾಗ ಅರ್ಧ ಕೆಜಿ ತಂದುಬಿಡ್ರಿ, ಫ್ರಿಜ್ಜಿನಾಗ ಇಡ್ತೀವಿ” ಅಂದರು ಮಾಲೀಕರು. ಗೇಟಿನ ತನಕ ಬಂದು ಕಳಿಸಿಕೊಟ್ಟರು. ಬೋರ್ಡ್ ಇನ್ನೂ ಅಲ್ಲೇ ಇತ್ತು. ಗೆಳೆಯ ಅದನ್ನು ನೋಡುವುದು ಕಂಡು, “ಅದು ಹಂಗೇ ಇರ್ಲಿ ಬಿಡ್ರಿ, ನಮ್ಮನಿಯಾಗ ಭಾಳ ಮಡಿ” ಅಂದರು.