ಯೋಬನ ಗೆಳೆಯರು ನಮ್ಮ ಸಭೆಯಲ್ಲೂ ಇದ್ದಾರೆ

ಸಾವಾದ ಮನೆಗೆ ಹೋದಾಗ ನಮ್ಮವರ ಬಾಯಲ್ಲಿ ಮೊದಲು ಬರುವ ಮಾತು, “ಎಲ್ಲಾ ಕರ್ತನ ಚಿತ್ತ ಕಣಮ್ಮ.” ಅದರ ಹಿಂದೆಯೇ ಇನ್ನೊಂದು, “ಆತನು ಏನೋ ಉದ್ದೇಶ ಇಟ್ಟೇ ಮಾಡಿರ್ತಾನೆ.” ತೊಂಬತ್ತು ದಾಟಿದ ತಾತನನ್ನು ಮಣ್ಣು ಮಾಡಿ ಬಂದವರಿಗೂ ಇದೇ, ಶಾಲೆಗೆ ಹೋಗುತ್ತಿದ್ದ ಮಗಳನ್ನು ಕಳಕೊಂಡವರಿಗೂ ಇದೇ. ಹೇಳುವವರು ಕೆಟ್ಟವರೇನಲ್ಲ, ಏನು ಹೇಳಬೇಕೋ ತೋಚದೆ ಹೇಳುತ್ತಾರೆ. ಆದರೆ ಆ ಮಾತು ಕಿವಿಗೆ ಬಿದ್ದ ಕೂಡಲೇ ತಾಯಿಯೊಬ್ಬಳು ಅಳು ನುಂಗಿಕೊಂಡು ತಲೆಯಾಡಿಸುವುದನ್ನು ನೋಡಿದ್ದೇನೆ. ಇನ್ನೂ ಅಳುತ್ತಾ ಕೂತರೆ ವಿಶ್ವಾಸ ಸಾಲದು ಅನ್ನಿಸಿಕೊಳ್ಳಬೇಕಾದೀತು ಎಂಬ ಭಯ ಅವಳಿಗೆ.

ಉದ್ದೇಶ ಇಲ್ಲ ಅಂತ ನಾನು ಹೇಳುತ್ತಿಲ್ಲ. ಅದು ನಮಗೆ ಗೊತ್ತಿದೆ ಅನ್ನುವ ಹಾಗೆ ಮಾತಾಡುವುದು ಬೇಡ ಅನ್ನುತ್ತಿದ್ದೇನೆ.

ಬೈಬಲಿನ ಯೋಬ ಮಕ್ಕಳು, ಆಸ್ತಿ ಎಲ್ಲವನ್ನೂ ಕಳಕೊಂಡ ನೀತಿವಂತ. ಸಮಾಧಿಯ ಮುಂದೆ ನಾವು ಓದುವ ಅವನ ಮಾತಿದೆಯಲ್ಲ, ಯೆಹೋವನೇ ಕೊಟ್ಟನು, ಯೆಹೋವನೇ ತೆಗೆದುಕೊಂಡನು ಅಂತ, ಅದು ಮೊದಲನೇ ಅಧ್ಯಾಯದ್ದು. ಮೂರನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ಅದೇ ಯೋಬ ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ಅದನ್ನು ಯಾವ ಸಮಾಧಿಯ ಮುಂದೆ ಓದಿದ್ದನ್ನೂ ನಾನು ಕೇಳಿಲ್ಲ. ಅವನ ಮೂವರು ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ತುಟಿಬಿಚ್ಚದೆ ಅವನ ಜೊತೆ ನೆಲದ ಮೇಲೆ ಕೂತರು. ಆ ಇಡೀ ಪುಸ್ತಕದಲ್ಲಿ ಅವರು ಮಾಡಿದ ಒಳ್ಳೇ ಕೆಲಸ ಅದೊಂದೇ. ಆಮೇಲೆ ಬಾಯಿ ತೆರೆದರು ನೋಡಿ, ಕಾರಣ ಹುಡುಕುವುದೇ ಹುಡುಕುವುದು: ದೇವರು ಅನ್ಯಾಯ ಮಾಡುವವನಲ್ಲ, ಹಾಗಾದರೆ ನೀನೇ ಏನೋ ಪಾಪ ಮಾಡಿರಬೇಕು. ಬಿರುಗಾಳಿಯೊಳಗಿಂದ ಮಾತಾಡಿದ ದೇವರಿಂದ ಯೋಬನಿಗೂ ಗದರಿಕೆ ಸಿಕ್ಕಿತು, ನಿಜ. ಆದರೆ ಕೊನೇ ಅಧ್ಯಾಯದಲ್ಲಿ ದೇವರ ಕೋಪ ಉರಿಯುವುದು ಆತನ ಪರವಾಗಿ ವಕಾಲತ್ತು ಹೂಡಿದ ಈ ಮೂವರ ಮೇಲೆ. ನನ್ನ ವಿಷಯವಾಗಿ ಸರಿಯಾಗಿ ಮಾತಾಡಿದವನು ಯೋಬ, ನೀವಲ್ಲ ಅನ್ನುತ್ತಾನೆ.

ರೋಗ, ಕಷ್ಟಗಳಿಂದ ಬಿಡುಗಡೆಗಾಗಿ ಪ್ರಾರ್ಥಿಸುವ ಈಗಿನ ಕೆಲವು ಬಿಡುಗಡೆ ಕೂಟಗಳಲ್ಲಿ ಈ ಗೆಳೆಯರಿಗೆ ಮೈಕ್ ಸಿಕ್ಕಿದೆ, ಅಷ್ಟೇ ವ್ಯತ್ಯಾಸ. ಕ್ಯಾನ್ಸರ್ ವಾಸಿಯಾಗಲಿಲ್ಲವೇ? ಮನೆಯಲ್ಲಿ ಯಾವುದೋ ಗುಪ್ತ ಪಾಪ ಇರಬೇಕು. ಮಗನಿಗೆ ಕೆಲಸ ಸಿಗಲಿಲ್ಲವೇ? ಸಭೆಗೆ ಕೊಡಬೇಕಾದ ದಶಮಾಂಶದಲ್ಲಿ, ಅಂದರೆ ಆದಾಯದ ಹತ್ತನೇ ಒಂದು ಪಾಲಿನಲ್ಲಿ, ಲೋಪ. ಸಿಲೋವದ ಗೋಪುರ ಬಿದ್ದು 18 ಜನ ಸತ್ತಾಗ, ಅವರು ಯೆರೂಸಲೇಮಿನ ಉಳಿದೆಲ್ಲರಿಗಿಂತ ದೊಡ್ಡ ಪಾಪಿಗಳೆಂದುಕೊಂಡಿರಾ ಎಂದು ಯೇಸು ಕೇಳಿದ್ದು ಇದನ್ನೇ ಅಲ್ಲವೇ? ಇಲ್ಲ ಎಂದು ಆತನೇ ಉತ್ತರವನ್ನೂ ಕೊಟ್ಟ. ಈ ಕೂಟಗಳ ಬಗ್ಗೆ ಬರೆಯುತ್ತಾ ಹೋದರೆ ಬಿಪಿ ಏರುತ್ತದೆ, ಇಲ್ಲಿಗೆ ಬಿಡುತ್ತೇನೆ.

ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದ 28ನೇ ವಚನ ನಮ್ಮಲ್ಲಿ ಮಕ್ಕಳಿಗೂ ಬಾಯಿಪಾಠ. ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಹಿತಕ್ಕಾಗಿಯೇ ಆಗುತ್ತದೆ ಅನ್ನುವ ಆ ವಚನ ಕ್ಯಾಲೆಂಡರಿನಲ್ಲಿ, ಫ್ರಿಜ್ಜಿನ ಮೇಲೆ, ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿ ಎಲ್ಲೆಲ್ಲೂ ಇದೆ. ಅದರ ಮೇಲಿನ ಸಾಲುಗಳನ್ನು ನೋಡಿ. 22ರಲ್ಲಿ ಇಡೀ ಸೃಷ್ಟಿ ಹೆರಿಗೆ ನೋವಿನಲ್ಲಿ ನರಳುತ್ತಿದೆ, 23ರಲ್ಲಿ ನಾವೂ ನರಳುತ್ತೇವೆ, 26ರಲ್ಲಿ ನಮ್ಮ ಪರವಾಗಿ ಪವಿತ್ರಾತ್ಮನೂ ನರಳುತ್ತಾನೆ. ಇಷ್ಟು ನರಳಾಟ ದಾಟಿಕೊಂಡು ಪೌಲ 28ಕ್ಕೆ ಬರುತ್ತಾನೆ. ನಾವು ನೇರವಾಗಿ ಅಲ್ಲಿಗೇ ಜಿಗಿದು, ದುಃಖದಲ್ಲಿರುವವರೂ ಜಿಗಿಯಲಿ ಅನ್ನುತ್ತೇವೆ.

1999ರ ಜನವರಿ 22ರ ರಾತ್ರಿ ಒಡಿಶಾದ ಮನೋಹರಪುರದಲ್ಲಿ ತಮ್ಮ ವಾಹನದೊಳಗೆ ಮಲಗಿದ್ದ ಗ್ರಹಾಂ ಸ್ಟೇನ್ಸ್ ಅವರನ್ನೂ ಅವರ ಇಬ್ಬರು ಗಂಡುಮಕ್ಕಳು ಫಿಲಿಪ್ ಮತ್ತು ತಿಮೋಥಿಯನ್ನೂ ಗುಂಪೊಂದು ಸುಟ್ಟು ಕೊಂದಿತು. ಸ್ಟೇನ್ಸ್ 1965ರಲ್ಲಿ ಆಸ್ಟ್ರೇಲಿಯಾದಿಂದ ಬಂದು ಬಾರಿಪದಾದಲ್ಲಿ ಕುಷ್ಠರೋಗಿಗಳ ನಡುವೆ ಬದುಕಿದವರು. ಹೆಂಡತಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದರು ಎಂಬುದು ನಮ್ಮ ಪ್ರಸಂಗಗಳಲ್ಲಿ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಆದರೆ ಈ ಕೊಲೆಯ ತನಿಖೆಗೆ ನೇಮಕವಾದ ವಾಧ್ವಾ ಆಯೋಗದ ಮುಂದೆ ಅದೇ ಗ್ಲಾಡಿಸ್ ಹೇಳಿದ ಇನ್ನೊಂದು ಮಾತು ಯಾರ ಪ್ರಸಂಗದಲ್ಲೂ ಬರುವುದಿಲ್ಲ. ದೇವರು ಸದಾ ನನ್ನ ಜೊತೆಗಿದ್ದಾನೆ, ಗ್ರಹಾಂ ಅವರ ಕೆಲಸ ಮುಂದುವರಿಸಲು ನಡೆಸುತ್ತಿದ್ದಾನೆ ಅಂದರು. ಅದರ ಜೊತೆಗೇ, ಗ್ರಹಾಂ ಅವರನ್ನು ಯಾಕೆ ಕೊಂದರು, ಅಷ್ಟು ಕ್ರೂರವಾಗಿ ನಡೆದುಕೊಳ್ಳಲು ಕೊಂದವರಿಗೆ ಏನಾಗಿತ್ತು ಎಂದು ಒಮ್ಮೊಮ್ಮೆ ಯೋಚಿಸುತ್ತೇನೆ ಎಂದೂ ಅಂದರು.

ವಿಶ್ವಾಸವೂ “ಯಾಕೆ” ಎಂಬ ಪ್ರಶ್ನೆಯೂ ಒಂದೇ ಉಸಿರಿನಲ್ಲಿ. ಒಂದು ಇನ್ನೊಂದನ್ನು ಓಡಿಸಲಿಲ್ಲ. ಉತ್ತರ ಸಿಕ್ಕಮೇಲೆ ಕೆಲಸ ಶುರುಮಾಡೋಣ ಅಂತ ಆಕೆ ಕಾಯಲೂ ಇಲ್ಲ. ಮಗಳು ಎಸ್ತರ್‌ಳೊಂದಿಗೆ ಬಾರಿಪದಾದಲ್ಲೇ ಉಳಿದರು. 2004ರಲ್ಲಿ ಗಂಡನ ಹೆಸರಿನ ಆಸ್ಪತ್ರೆ ಅಲ್ಲಿ ತೆರೆಯಿತು. ಕ್ಷಮೆ ಬೇರೆ, ಅಪರಾಧಕ್ಕೆ ಕಾನೂನು ಕೊಡುವ ಶಿಕ್ಷೆ ಬೇರೆ ಎಂಬ ವಿವೇಕವೂ ಆಕೆಗಿತ್ತು. ಕ್ಷಮಿಸಿಬಿಡಿ ಎಂದು ಕಂಡವರಿಗೆಲ್ಲ ಬುದ್ಧಿ ಹೇಳುವವರು ಈ ಭಾಗವನ್ನು ಸ್ವಲ್ಪ ಗಮನಿಸಬೇಕು.

ನಮ್ಮ ಕರಾವಳಿಗೆ ಬಂದರೆ ಮಂಗಳೂರಿನ ಕಂಕನಾಡಿಯ ಫಾದರ್ ಮುಲ್ಲರ್ ಇದ್ದಾರೆ. ಜರ್ಮನಿಯ ಈ ಜೆಸುಯಿಟ್ ಪಾದ್ರಿ 1880ರಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯ ತೆರೆದು, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯಧಾಮ ಕಟ್ಟಿದರು. ಕುಷ್ಠಕ್ಕೆ ನಿಜವಾಗಿ ನಾಟುವ ಔಷಧ ಬಂದದ್ದು 1940ರ ದಶಕದಲ್ಲಿ. ಮುಲ್ಲರ್ 1910ರಲ್ಲೇ ತೀರಿಕೊಂಡರು. ಅಂದರೆ ಬಾಗಿಲಿಗೆ ಬಂದ ರೋಗಿ ವಾಸಿಯಾಗಿ ಮನೆಗೆ ಹೋಗುತ್ತಾನೆಂಬ ಭರವಸೆಯೇ ಇಲ್ಲದ ಕಾಲದಲ್ಲಿ ಹಾಸಿಗೆ ಹಾಸಿ, ಅನ್ನ ಹಾಕಿ, ಹುಣ್ಣು ತೊಳೆಯುವ ಏರ್ಪಾಡು ಮಾಡಿದವರು. ಈ ಕಾಯಿಲೆ ಲೋಕದಲ್ಲಿ ಯಾಕಿದೆ ಅಂತ ಅವರು ವಿವರಿಸಿದ್ದನ್ನು ಯಾರೂ ನೆನಪಿಟ್ಟುಕೊಂಡಿಲ್ಲ. ಆಸ್ಪತ್ರೆ ಮಾತ್ರ ಇವತ್ತಿಗೂ ಇದೆ, ಎಲ್ಲ ಜಾತಿ ಧರ್ಮದವರೂ ಅಲ್ಲಿ ಚೀಟಿ ಮಾಡಿಸಿಕೊಂಡು ಸಾಲಿನಲ್ಲಿ ಕೂರುತ್ತಾರೆ.

ಕಷ್ಟದಲ್ಲಿರುವವರಿಗೆ ಉದ್ದೇಶ ಅನ್ನುವುದು ಸಿಕ್ಕರೆ ಹೀಗೆ ಕೈಗೆ ಸಿಗುವ ಕೆಲಸದಲ್ಲಿ ಸಿಗುತ್ತದೆ ಅನ್ನಿಸುತ್ತದೆ ನನಗೆ. ಅದೂ ಅವರಾಗಿಯೇ ಎದ್ದು ನಿಂತಾಗ. ಮೂರನೇ ದಿನಕ್ಕೇ ನಾವು ಹೋಗಿ ಅವರ ಕೈಗೆ ತುರುಕುವಂಥದ್ದಲ್ಲ. ಸತ್ತ ಗೆಳೆಯ ಲಾಜರನನ್ನು ಎಬ್ಬಿಸುತ್ತೇನೆಂದು ಗೊತ್ತಿದ್ದ ಯೇಸುವೇ ಅವನ ಸಮಾಧಿಯ ಹತ್ತಿರ ಕಣ್ಣೀರು ಬಿಟ್ಟ. ಲಾಜರನ ಅಕ್ಕತಂಗಿಯರಲ್ಲಿ ಒಬ್ಬಳಾದ ಮರಿಯಳಿಗೆ ಅಳಬೇಡ ಅನ್ನಲಿಲ್ಲ.

ಸಭಾಪಾಲಕರು ಯಾರಾದರೂ ಇದನ್ನು ಓದುತ್ತಿದ್ದರೆ ನನ್ನದೊಂದು ಬೇಡಿಕೆ ಇದೆ ಅಯ್ಯನವರೇ. ಬೈಬಲಿನ 88ನೇ ಕೀರ್ತನೆಯನ್ನು ಒಂದು ಭಾನುವಾರ ಆರಾಧನೆಯಲ್ಲಿ ಪೂರ್ತಿ ಓದಿಸಿ. ಉಳಿದ ಮೊರೆಯ ಕೀರ್ತನೆಗಳಲ್ಲಿ ಕೊನೆಗೆ ಸಾಮಾನ್ಯವಾಗಿ ಒಂದಿಷ್ಟು ಸ್ತುತಿ ಬರುತ್ತದೆ, ಇದರಲ್ಲಿ ಬರುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಓದಿ ಮುಗಿಸಿದ ಮೇಲೆ ದಯವಿಟ್ಟು ಸಾಂತ್ವನದ ವಚನ ಒಂದನ್ನು ಹುಡುಕಿ ಸೇರಿಸಬೇಡಿ. ಬೆಂಚಿನಲ್ಲಿ ಕೂತ ಯಾರೋ ಒಬ್ಬರು, ಓಹೋ, ಇಂಥ ಮಾತನ್ನೂ ದೇವರ ಎದುರಿಗೆ ಆಡಬಹುದಾ ಅಂದುಕೊಳ್ಳಲಿ.